ಸೊನ್ನೆ ಸೌತೆಕಾಯಿ

"ಮೇಡಂ, ಇದೇನಿದು ನೀವು ಬರ್ದಿರೋದು?" ಎನ್ನುತ್ತ ಮುಖ್ಯೋಪಾಧ್ಯಾಯರು ಏದುಸಿರು ಬಿಡುತ್ತ ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ನುಗ್ಗಿದರು. ಅವರ ಕೈಯಲ್ಲಿ 'ಅತ್ಯುತ್ತಮ ಭೌತಶಾಸ್ತ್ರ ಶಿಕ್ಷಕ' ಪ್ರಶಸ್ತಿಯ ಅರ್ಜಿ ಇತ್ತು. ಅದರ ಒಂಬತ್ತನೇ ಕಲಂನಲ್ಲಿ 'ಸೇವಾವಧಿಯಲ್ಲಿ ತಾವು ಮಾಡಿದ ಒಟ್ಟು ಕೆಲಸ' ಎಂದು ಅಚ್ಚಾಗಿತ್ತು. ಮುಂದೆ ಮೇಡಂ ಮುದ್ದಾದ ಅಕ್ಷರದಲ್ಲಿ 'ಸೊನ್ನೆ' ಎಂದು ತುಂಬಿದ್ದರು.

ಮೇಡಂ ತಲೆ ಎತ್ತಲಿಲ್ಲ. ಉತ್ತರ ಪತ್ರಿಕೆ ತಿದ್ದುತ್ತಿದ್ದರು. ರೈಲಿನ ವೇಗ ಎಷ್ಟು ಎಂಬ ಪ್ರಶ್ನೆಗೆ ಯಾರೋ ಮಹಾನುಭಾವ ಬರೀ 'ಇಪ್ಪತ್ತು' ಎಂದು ಬರೆದು ಕೈತೊಳೆದುಕೊಂಡಿದ್ದ. ಮೇಡಂ ಅರ್ಧ ಅಂಕ ಕಳೆದು, ಕೆಂಪು ಪೆನ್ನಿನಲ್ಲಿ 'ಇಪ್ಪತ್ತು ಏನು? ಸೌತೆಕಾಯಿಯಾ?' ಎಂದು ಗೀಚಿದರು. ಏಕಮಾನ ಬರೆಯದವರಿಗೆಲ್ಲ ಇಪ್ಪತ್ತೆಂಟು ವರ್ಷದಿಂದ ಅವರು ಕೊಡುತ್ತ ಬಂದದ್ದು ಇದೇ ಸೌತೆಕಾಯಿ. ಮೀಟರ್, ಸೆಕೆಂಡ್ ಎಂದು ಎರಡಕ್ಷರ ಬರೆದರೆ ಯಾರ ಕೈಯೂ ಸವೆಯುವುದಿಲ್ಲ ಎಂಬುದು ಅವರ ವಾದ.

"ಕೆಲಸ ಅಂದ್ರೆ ಬಲ ಗುಣಿಲೆ ಸ್ಥಾನಪಲ್ಲಟ ಸರ್," ಎಂದರು ಮೇಡಂ. "ಬಲ ಬೇಕಾದಷ್ಟು ಹಾಕಿದೀನಿ. ಆದ್ರೆ ಏನಾದ್ರೂ ಜರುಗ್ಬೇಕಲ್ಲ? ದಿನವಿಡೀ ಗೋಡೆ ತಳ್ಳಿದ್ರೂ ಗೋಡೆ ಅಲ್ಲಾಡ್ಲಿಲ್ಲ ಅಂದ್ರೆ ಮಾಡಿದ ಕೆಲಸ ಸೊನ್ನೆ. ನೋಡಿ, ಈ ಸಲಾನೂ ಮುಕ್ಕಾಲು ಕ್ಲಾಸು ಏಕಮಾನ ಬರ್ದಿಲ್ಲ."

"ಅವರು ಕೇಳಿರೋದು ಆ ಕೆಲಸ ಅಲ್ಲ ಕಣಮ್ಮ!"

"ಭೌತಶಾಸ್ತ್ರದ ಪ್ರಶಸ್ತೀಲಿ ಬೇರೆ ಯಾವ ಕೆಲಸ ಕೇಳ್ತಾರೆ?"

ಮುಖ್ಯೋಪಾಧ್ಯಾಯರು ಸ್ಟೂಲಿನ ಮೇಲೆ ಕುಸಿದರು. "ಪ್ರಶಸ್ತಿ ಬಂದ್ರೆ ಈ ರೂಮು ಉಳಿಯತ್ತೆ. ಬರ್ಲಿಲ್ಲ ಅಂದ್ರೆ ಹಳೇ ಕಡತದ ಬೀರುಗಳನ್ನ ಇಲ್ಲಿ ತಂದಿಡಿ ಅಂತ ಮೇಲಿನಿಂದ ಆದೇಶ ಬಂದಿದೆ. ಒಂದು ಸೊನ್ನೆ ಅಳಿಸಿ, 'ಅಪಾರ' ಅಂತ ಬರೀರಿ. ನಿಮ್ಮ ಗಂಟೇನು ಹೋಗತ್ತೆ?"

ಮೇಡಂ ಸುತ್ತ ನೋಡಿದರು. ಕೊಕ್ಕೆ ಮುರಿದು ಹೇರ್‌ಪಿನ್ ಸಿಕ್ಕಿಸಿದ ಸ್ಪ್ರಿಂಗ್ ತಕ್ಕಡಿ, ದಾರಕ್ಕೆ ನೇತುಬಿದ್ದ ಬೀಗದ ಲೋಲಕ. ಕಿಟಕಿಯಲ್ಲಿಟ್ಟ ಗಾಜಿನ ಪಟ್ಟಕದಿಂದ ಹನ್ನೊಂದು ಗಂಟೆಗೆ ಸರಿಯಾಗಿ ಏಳು ಬಣ್ಣ ಎದುರು ಗೋಡೆಗೆ ಬೀಳುತ್ತಿತ್ತು. ಈ ಕೋಣೆ ಹೋದರೆ ಮಕ್ಕಳು ಬೆಳಕು ಬಾಗುವುದನ್ನು ಕಣ್ಣಾರೆ ನೋಡುವಂತಿಲ್ಲ, ಬಾಯಿಪಾಠ ಮಾಡಬೇಕು. ಆದರೂ, "ಸುಳ್ಳು ಬರ್ದು ಉಳಿಸ್ಕೊಂಡ ರೂಮಲ್ಲಿ ನಿಂತು ಕೆಲಸದ ಪಾಠ ಹೇಗೆ ಮಾಡ್ಲಿ ಸರ್?" ಎಂದರು. ಅರ್ಜಿ ಸೊನ್ನೆಯ ಸಮೇತ ಹೋಯಿತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಡಂ ಪ್ರಯೋಗಾಲಯದ ಒಳಗಿದ್ದಾಗಲೇ ಬಾಗಿಲಿಗೆ ಬೀರು ಬಂತು. ಬಂದದ್ದು ಹೊಸಿಲಿನ ಮೇಲೆ ಸಿಕ್ಕಿಕೊಂಡಿತು. ಹೊರಗಿನಿಂದ ಇಬ್ಬರು ಅಟೆಂಡರುಗಳು ತಳ್ಳಿಯೇ ತಳ್ಳಿದರು. ಮಧ್ಯಾಹ್ನದ ಹೊತ್ತಿಗೆ ಬೀರುವಿನ ಮೇಲಿನ ಸಂದಿಯಿಂದ ಮುಖ್ಯೋಪಾಧ್ಯಾಯರ ಕೈಯೊಂದು ಇಳಿಯಿತು. ಅದರಲ್ಲಿ ಅದೇ ಅರ್ಜಿ ಇತ್ತು.

"ಅರ್ಧ ಅಂಕದಲ್ಲಿ ಹೋಯ್ತು ಮೇಡಂ!" ಎಂದು ಬೀರುವಿನ ಆಚೆಯಿಂದ ಅವರ ದನಿ ಕೇಳಿತು. "ಪ್ರಶಸ್ತಿ ಬಂದೋನು ಇಷ್ಟು ವರ್ಷ ಸ್ಟಾಫ್ ರೂಮಿನ ಮೆಟ್ಟಿಲು ಹತ್ತಿದ್ದನ್ನೆಲ್ಲ ಕೂಡಿಸಿ ಎಂಟು ಕೋಟಿ ಜೂಲ್ ಅಂತ ಬರ್ದಿದಾನಂತೆ. ಇಳಿದಿದ್ದನ್ನ ಕೇಳೋರೇ ಇಲ್ಲ! ನಿಮ್ಮ ಸೊನ್ನೆಗೂ ಸರಿ ಗುರುತು ಹಾಕಿದಾರೆ, ಆಮೇಲೆ ಏನು ಗೀಚಿದಾರೆ ನೋಡಿ. ಸಮಿತಿಯವರು ಆಡೋ ಮಾತಾ ಅದು? ಮೇಲ್ಮನವಿ ಹಾಕೋಣ!"

ಮೇಡಂ ಒಂಬತ್ತನೇ ಕಲಂ ನೋಡಿದರು. ಕೆಂಪು ಶಾಯಿಯಲ್ಲಿ ಹೀಗಿತ್ತು: 'ಸೊನ್ನೆ ಏನು? ಸೌತೆಕಾಯಿಯಾ?'

ಅವರು ಅದನ್ನು ಮೂರು ಸಲ ಓದಿದರು. ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಇದೇ ಕೋಣೆಯ ಬೆಂಚಿನಲ್ಲಿ ಅರ್ಧ ಅಂಕ ಕಳೆದುಕೊಂಡು ಮುಖ ಊದಿಸಿಕೊಂಡವರಿಗೆ ಮಾತ್ರ ಗೊತ್ತು. ಯಾವ ವರ್ಷದವನೋ, ಯಾವ ಬೆಂಚಿನವಳೋ. ಕೋಣೆ ಕೈತಪ್ಪಿದ್ದಕ್ಕೆ ಮೇಡಂಗೆ ಅಳು ಬಂತು, ಹೆಮ್ಮೆಗೆ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

"ಮೇಲ್ಮನವಿ ಬೇಡ ಸರ್. ಸರಿಯಾಗೇ ತಿದ್ದಿದಾರೆ. ನಿಜ ಹೇಳ್ಬೇಕಂದ್ರೆ ನನ್ನ ಸೊನ್ನೇನೇ ತಪ್ಪು. ಯಾರೋ ಒಬ್ರು ಜರುಗಿದಾರೆ."

"ಏನಂದ್ರಿ? ಕೇಳಿಸ್ತಿಲ್ಲ. ಪ್ರಶಸ್ತೀನ ಈ ಅಟೆಂಡರುಗಳಿಗೆ ಕೊಡ್ಬೇಕಿತ್ತು ಮೇಡಂ. ಬೆಳಿಗ್ಗೆಯಿಂದ ಎಷ್ಟು ಕೆಲಸ ಮಾಡಿದಾರೆ ಪಾಪ!"

"ಬೀರು ಜರುಗ್ತಾ ಸರ್?"

"ಕೂದಲೆಳೆಯಷ್ಟೂ ಇಲ್ಲ."

ಮೇಡಂ ಕಣ್ಣೊರೆಸಿಕೊಂಡು ಸೀಮೆಸುಣ್ಣ ತೆಗೆದರು. ತಮ್ಮ ಕಡೆಗಿದ್ದ ಬೀರುವಿನ ಬೆನ್ನಿನ ಮೇಲೆ 'ಮಾಡಿದ ಕೆಲಸ: ಸೊನ್ನೆ ಜೂಲ್' ಎಂದು ದಪ್ಪಗೆ ಬರೆದು, 'ಜೂಲ್' ಎಂಬುದರ ಕೆಳಗೆ ಎರಡು ಗೆರೆ ಎಳೆದರು.