ಸೊಸೆಯ ಮೂತ್ರಪರೀಕ್ಷೆ

ತಲೆಸುತ್ತು, ಕಾರಣವಿಲ್ಲದ ನಗು ಎಂದು ಸೊಸೆಯನ್ನು ಕಾತ್ಯಾಯಿನಮ್ಮನೇ ಆಸ್ಪತ್ರೆಗೆ ಕರೆತಂದಿದ್ದರು. ವರದಿ ನೋಡಿದ ಡಾಕ್ಟರು ಎರಡು ವಿಷಯ ಹೇಳಿದರು. ಸೊಸೆ ಏಳು ವಾರದ ಬಸುರಿ. ಅವಳ ಮೂತ್ರದಲ್ಲಿ ಗಾಂಜಾದ ಅಂಶವಿದೆ.

ಮೊದಲನೆಯದಕ್ಕೆ ಅರಳಿದ ಕಾತ್ಯಾಯಿನಮ್ಮನ ಮುಖ ಎರಡನೆಯದಕ್ಕೆ ಸೊಟ್ಟಗಾಯಿತು. ಓದಿದ ಹುಡುಗಿ ಬೇಡವೆಂದು ಅವರು ಮದುವೆಗೆ ಮೊದಲೇ ಬಡಿದುಕೊಂಡಿದ್ದರು.

ಸೊಸೆ ತಲೆ ತಗ್ಗಿಸಿದಳು. "ಗೆಳತಿಯರ ಜೊತೆ ಗೋವಾಕ್ಕೆ ಹೋದಾಗ ಒಂದೇ ಸಲ ಸೇದಿದ್ದೆ ಮೇಡಂ. ಬಸುರಿ ಅಂತ ಆಗ ಗೊತ್ತಿರಲಿಲ್ಲ. ತಿಂಗಳಾಯ್ತು. ಮಗುಗೆ ಏನಾದ್ರೂ ಆಗುತ್ತಾ?"

"ಇವಳಿಗೆ ಮಗು ಚಿಂತೆ ಬೇರೆ ಕೇಡು," ಎಂದರು ಕಾತ್ಯಾಯಿನಮ್ಮ. "ನಮ್ಮನೇಲಿ ಬೀಡಿ ವಾಸನೆಯೂ ಸುಳಿದಿಲ್ಲ. ಎಂಥ ಕೊಳಕನ್ನ ಮನೆ ತುಂಬಿಸ್ಕೊಂಡ್ವೋ."

"ಒಂದೇ ಸಲ ಸೇದಿದ್ದು ತಿಂಗಳವರೆಗೆ ಉಳಿಯಲ್ಲ," ಎಂದರು ಡಾಕ್ಟರು. "ಇದು ಈಚಿನದು. ಈಗಲೂ ತಗೋತಿದ್ದೀರಾ?"

"ನೆಟ್ಟಗೆ ಸುಳ್ಳು ಹೇಳೋ ಯೋಗ್ಯತೆಯೂ ಇಲ್ಲ," ಎಂದು ಅತ್ತೆ ತುಟಿ ಕೊಂಕಿಸಿದರು.

ಸೊಸೆ ಯೋಚಿಸಿ ಹೇಳಿದಳು. "ಏನೂ ಇಲ್ಲ ಮೇಡಂ. ಮಗು ಆಗ್ಲಿ ಅಂತ ಅತ್ತೆ ಯಾರೋ ಸ್ವಾಮಿಗಳ ಹತ್ರದಿಂದ ಲೇಹ್ಯ ತಂದಿದ್ದಾರೆ. ಅದನ್ನ ದಿನಾ ಬೆಳಿಗ್ಗೆ ಎದುರಿಗೇ ನಿಂತು ತಿನ್ನಿಸ್ತಾರೆ, ಅಷ್ಟೇ."