ಹಿಂದಿನ ಹಲಗೆ

ವೀರಮ್ಮ ಪೆಟ್ಟಿಗೆಯನ್ನು ಎತ್ತಿ ತಲೆಯ ಸಿಂಬೆಯ ಮೇಲಿಟ್ಟುಕೊಂಡು ನಾಲ್ಕು ಹೆಜ್ಜೆ ಹಾಕಿದಳು. ಐದನೆಯದಕ್ಕೆ ಕತ್ತು ಹಿಡಿದುಕೊಂಡು ನಿಂತೇಬಿಟ್ಟಳು. ಗಂಡ ಷಣ್ಮುಖಪ್ಪ ಓಡಿಬಂದು ಪೆಟ್ಟಿಗೆ ಇಳಿಸಿದ.

"ಮೂಗಿಗಿಂತ ಮೂಗುತಿ ಭಾರ ಆಯ್ತು ಸಾಬ್ರೇ. ಇನ್ನು ಇದ ಒರಾಕಾಗಕಿಲ್ಲ ಇವಳಿಗೆ," ಎಂದ.

ಹುಣಸೂರಿನ ಬಡಗಿ ಹಬೀಬ್ ಸಾಬರು ಉಳಿ ಕೆಳಗಿಟ್ಟು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. ನಾಲ್ಕು ವರ್ಷದ ಕೆಳಗೆ ಅವರೇ ಮಾಡಿಕೊಟ್ಟ ಬೀಟೆ ಮರದ ಸ್ಪೀಕರ್ ಪೆಟ್ಟಿಗೆ ಅದು. ಷಣ್ಮುಖಪ್ಪನದು ತೊಡೆಯ ಮೇಲೆ ಮಲಗಿಸಿ ನುಡಿಸುವ ಕರೆಂಟಿನ ಗಿಟಾರು. ಪೆಟ್ಟಿಗೆ ಇಲ್ಲದಿದ್ದರೆ ಅದರ ದನಿ ಪಕ್ಕದಲ್ಲಿ ಕೂತವನಿಗೂ ಕೇಳದು. ಮದುವೆ ಮನೆಗಳಿಗೆ ಬಸ್ಸಿಳಿದು ಮೈಲಿಗಟ್ಟಲೆ ನಡೆಯಬೇಕು. ಗಂಡನ ಹೆಗಲಿಗೆ ಗಿಟಾರು, ಕೈಗೆ ಬ್ಯಾಟರಿ. ಹೆಂಡತಿಯ ತಲೆಗೆ ಪೆಟ್ಟಿಗೆ. ಈಗ ಡಾಕ್ಟರು ಅವಳ ಕತ್ತು ಮುಟ್ಟಿ ನೋಡಿ, ಇನ್ನು ಇಷ್ಟು ಭಾರ ಹೊತ್ತರೆ ಕೈಯೇ ಬಿದ್ದುಹೋಗುತ್ತದೆ ಎಂದಿದ್ದರು. ನಾಡಿದ್ದು ಕಟ್ಟೆಮಳಲವಾಡಿಯಲ್ಲಿ ಮದುವೆ.

ಸಾಬರು ಮೂಲೆಯಿಂದ ತೆಳು ಹಲಗೆಯ ಟೀ ಪೆಟ್ಟಿಗೆಯೊಂದನ್ನು ತಂದು ಸ್ಪೀಕರನ್ನು ಅದಕ್ಕೆ ಕೂರಿಸಿದರು. ವೀರಮ್ಮ ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು. ಷಣ್ಮುಖಪ್ಪ ತಂತಿ ಮೀಟಿದ. ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯ ಸದ್ದು. ಅವನ ಮುಖ ಹುಳ್ಳಗಾಯಿತು. ಆದರೂ, "ಇದೇ ಸಾಕು ಬುಡಿ," ಎಂದ.

"ಸಾಕಾ? ಜನ ನಗಾಡ್ತಾರೆ," ಎಂದಳು ವೀರಮ್ಮ. "ಇದ ತಕ್ಕೊಂಡು ಓದ್ರೆ ನಾನು ಬರಾಕಿಲ್ಲ. ಅಳೇದನ್ನೇ ಒರ್ತೀನಿ."

"ಒತ್ಕೊಂಡು ಸಾಯ್ತೀಯಾ?"

"ಗಂಡ ಹೆಂಡ್ತಿ ಜಗಳಕ್ಕೆ ನನ್ನ ಅಂಗಡೀನೇ ಆಗ್ಬೇಕಾ ಸ್ವಾಮಿ?" ಎನ್ನುತ್ತ ಸಾಬರು ಸ್ಪೀಕರನ್ನು ಮತ್ತೆ ಬೀಟೆ ಪೆಟ್ಟಿಗೆಗೇ ಸೇರಿಸಿ, ಅದನ್ನು ತಿರುಗಿಸಿ, ಹಿಂಭಾಗದ ದಪ್ಪ ಹಲಗೆಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದರು. ಹಲಗೆ ಕಳಚಿ ಬಂತು. ಭಾರದಲ್ಲಿ ಅರ್ಧಕ್ಕರ್ಧ ಅದರದ್ದೇ ಇತ್ತು. "ಈಗ ಎತ್ತಿ ಅಕ್ಕ."

ವೀರಮ್ಮ ಎತ್ತಿಕೊಂಡು ಬೀದಿಯ ತುದಿಯವರೆಗೂ ಹೋಗಿಬಂದಳು. ಕತ್ತು ಮುಟ್ಟಿಕೊಳ್ಳಲಿಲ್ಲ. ಷಣ್ಮುಖಪ್ಪ ಒಂದೆರಡು ಸ್ವರ ಮೀಟಿ ನೋಡಿದ. ತಗ್ಗಿನ ಸ್ವರ ಒಂದಿಷ್ಟು ಸೊರಗಿತ್ತು, ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು. ಆದರೂ ಅವನಿಗೆ ಸಮಾಧಾನವಿಲ್ಲ.

"ಅರ್ಧ ಸದ್ದು ಇಂದ್ಗಡೆ ಓಯ್ತದಲ್ಲಾ ಸಾಬ್ರೇ, ದಂಡ ಅಲ್ವಾ? ಇಂದೆ ಯಾರವ್ರೆ ಕೇಳೋಕೆ?"

"ಒಂದು ಮದುವೆ ನುಡಿಸಿ ಬನ್ನಿ. ಹಲಗೆ ಎತ್ತಿಟ್ಟಿರ್ತೀನಿ. ಒಪ್ಪದೇ ಇದ್ರೆ ಮತ್ತೆ ಹಾಕ್ಕೊಡ್ತೀನಿ."

ಕಟ್ಟೆಮಳಲವಾಡಿಯ ಚಪ್ಪರದಲ್ಲಿ ಜನ ಕಿಕ್ಕಿರಿದಿತ್ತು. ವೀರಮ್ಮ ಎಂದಿನಂತೆ ಪೆಟ್ಟಿಗೆಯ ಹಿಂದೆ ನೆಲದ ಮೇಲೆ ಕೂತಳು. ಬ್ಯಾಟರಿಯ ವೈರಿಗೆ ಮಕ್ಕಳ ಕಾಲು ತಗುಲದಂತೆ ಕಾಯುವುದು ಅವಳ ಕೆಲಸ. ನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ. ಷಣ್ಮುಖಪ್ಪ ಕಣ್ಣು ಮುಚ್ಚಿ ನುಡಿಸುತ್ತ ಹೋದ. ಹಾಡು ಇನ್ನೇನು ಏರಬೇಕು, ಸದ್ದೇ ನಿಂತುಹೋಯಿತು.

ಅವನು ಉರಿದುಕೊಂಡು ಹಿಂದಕ್ಕೆ ತಿರುಗಿದ. ಮಗುವೊಂದು ವೈರು ಎಡವಿ ಕಿತ್ತುಹಾಕಿ, ಅಲ್ಲೇ ಬೆರಳು ಚೀಪುತ್ತ ನಿಂತಿತ್ತು. ವೀರಮ್ಮ ಅದನ್ನು ನೋಡಿಯೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಯಾಕೆ ನಿಲ್ಸುಬುಟ್ರಿ?" ಎಂದು ಕಣ್ಣು ಬಿಟ್ಟಳು.

"ಏನಾಯ್ತಮ್ಮೀ ನಿಂಗೆ?"

"ಏನಿಲ್ಲ. ನೀವು ಇಷ್ಟು ಚೆನ್ನಾಗಿ ನುಡಿಸ್ತೀರಿ ಅಂತ ಗೊತ್ತಿರ್ನಿಲ್ಲ ನಂಗೆ. ಇಷ್ಟು ದಿನ ಪಕ್ಕದ್ಮನೇಲಿ ಯಾರೋ ನುಡಿಸ್ದಂಗೆ ಕೇಳೋದು."

ಷಣ್ಮುಖಪ್ಪನ ಸಿಟ್ಟು ಇಳಿದುಹೋಯಿತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಬ್ಯಾಟರಿ ಉಳಿಯಲಿ ಎಂದು ಬರೀ ತಂತಿ ಮೀಟುತ್ತಿದ್ದ. ಮದುವೆಗಳಲ್ಲಿ ಅವಳ ಜಾಗ ಹಲಗೆಯ ಹಿಂದೆ. ಊರೂರಿನವರೆಲ್ಲ ಕೇಳಿ ಭೇಷ್ ಅಂದಿದ್ದರು, ಹೊತ್ತು ತಂದವಳು ಮಾತ್ರ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಇವಳಿಲ್ಲದಿದ್ದರೆ ತನ್ನ ಗಿಟಾರು ಒಂದು ಊರಿನ ಗಡಿಯನ್ನೂ ದಾಟುತ್ತಿರಲಿಲ್ಲ ಎನ್ನಿಸಿತು. ವೈರು ಸಿಕ್ಕಿಸಿ ಹಾಡನ್ನು ಮೊದಲಿಂದ ಶುರುಮಾಡಿದ. ಈ ಸಲ ಒಂಚೂರು ಪಕ್ಕಕ್ಕೆ ತಿರುಗಿ ಕೂತಿದ್ದ.

ಮಾರನೆಯ ದಿನ ಅವನು ಅಂಗಡಿಗೆ ಬಂದದ್ದೇ ಹಬೀಬ್ ಸಾಬರು ಹಲಗೆ ಈಚೆ ತೆಗೆದು ತಿರುಪು ಹುಡುಕಿದರು. "ಒಪ್ಪಲಿಲ್ವಾ? ಪೆಟ್ಟಿಗೆ ಎಲ್ಲಿ?"

"ಪೆಟ್ಟಿಗೆ ಅಂಗೇ ಇರ್ಲಿ. ಆ ಅಲಗೆಗೆ ಗಿಡ್ಡ ಕಾಲು ಜೋಡ್ಸಿ ಒಂದು ಮಣೆ ಮಾಡ್ಕೊಡಿ ಸಾಬ್ರೇ. ನಾಕು ವರ್ಷದಿಂದ ನೆಲದ ಮ್ಯಾಲೆ ಕೂತವ್ಳೆ."

ಸಾಬರು ನಕ್ಕರು. "ಭಾರ ಕಮ್ಮಿ ಮಾಡಿ ಅಂದವ್ರು ನೀವೇ. ಅದೇ ಹಲಗೇನ ಮತ್ತೆ ಹೊತ್ಕೊಂಡು ಹೋಗೋದಾ? ಕೈಯಲ್ಲಿ ಬ್ಯಾಟರಿ, ಹೆಗಲಲ್ಲಿ ಗಿಟಾರು, ಇದನ್ನ ಎಲ್ಲಿಡ್ತೀರಿ?"

ಷಣ್ಮುಖಪ್ಪ ಹೆಗಲ ಮೇಲಿನ ಚೀಲದಿಂದ ಹೊಸ ಬಟ್ಟೆಯ ಸಿಂಬೆಯೊಂದನ್ನು ತೆಗೆದು, ಪೇಟ ಬಿಚ್ಚಿ, ತನ್ನ ತಲೆಯ ಮೇಲೆ ಇಟ್ಟು ನೋಡಿಕೊಂಡ.