ಎಡಕ್ಕೆ ವಾಲಿದ ಜ್ವಾಲೆ

ವಕೀಲೆ ಫ್ಯಾನ್ ನಿಲ್ಲಿಸಿ, ಕಚೇರಿಯ ಕಿಟಕಿ ಮುಚ್ಚಿ, ಮೇಜಿನ ಮೇಲೆ ಮೇಣದಬತ್ತಿ ಹೊತ್ತಿಸಿದಳು. ಎದುರಿಗೆ ಅವಳ ಸೋದರಮಾವ, ನಿವೃತ್ತ ವಿಜ್ಞಾನ ಮೇಷ್ಟ್ರು. ನಡುವೆ ಎರಡು ಪುಸ್ತಕಗಳು: ಮೇಷ್ಟ್ರು ಮಕ್ಕಳಿಗಾಗಿ ಬರೆದ ಪ್ರಯೋಗಗಳದ್ದು ಒಂದು, ಅದನ್ನು ನೋಡಿ ಯಾರೋ ಬರೆದದ್ದು ಎಂದು ಅವರು ದೂರುತ್ತಿದ್ದದ್ದು ಇನ್ನೊಂದು.

"ಮಾವ, ಪ್ರಯೋಗ ಯಾರಪ್ಪನ ಸ್ವತ್ತೂ ಅಲ್ಲ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಬರೆದ ರೀತಿಗೆ ಮಾತ್ರ. ಅವರು ಹೆಚ್ಚುಕಮ್ಮಿ ಎಲ್ಲಾ ಕಡೆ ಮಾತು ಬದಲಾಯಿಸಿದ್ದಾರೆ. ನಕಲು ಅಂತ ತೋರಿಸದಿದ್ರೆ ಕೇಸು ನಿಲ್ಲಲ್ಲ."

"ಈ ಸಾಲು ನೋಡೇ. ಬೇರೆಲ್ಲೂ ಇಲ್ಲ." ಎರಡರಲ್ಲೂ ಇತ್ತು: ಜ್ವಾಲೆ ಕೊಂಚ ಎಡಕ್ಕೆ ವಾಲುವುದನ್ನು ಗಮನಿಸಿ.

"ಅದು ನಿಜವಾದ್ರೆ ಯಾರ ಕಣ್ಣಿಗಾದ್ರೂ ಬೀಳುತ್ತೆ ಅಂತಾರೆ. ಅದಕ್ಕೇ ಹಚ್ಚಿದ್ದು."

ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದರು. ಜ್ವಾಲೆ ನೆಟ್ಟಗೆ ನಿಂತಿತ್ತು. ಮೇಷ್ಟ್ರು ಬತ್ತಿಯನ್ನು ತಿರುಗಿಸಿ ಇಟ್ಟರು. ಆಗಲೂ ನೆಟ್ಟಗೇ ನಿಂತಿತು. ಅವರ ಮುಖ ಇಂಗು ತಿಂದ ಮಂಗನಂತಾಯಿತು. "ತಪ್ಪು ಬರೆದುಬಿಟ್ಟಿದ್ದೀನಲ್ಲೇ!"

"ಎಲ್ಲಿ ಮಾಡಿ ನೋಡಿದ್ರಿ ಇದನ್ನ?"

"ನಮ್ಮ ಅಡುಗೆಮನೆಯಲ್ಲಿ. ಬಲಗಡೆ ಕಿಟಕಿ..." ಮೇಷ್ಟ್ರು ಅಲ್ಲೇ ಮಾತು ನಿಲ್ಲಿಸಿದರು. "ಅದು ಸರಿಯಾಗಿ ಮುಚ್ಚೋದೇ ಇಲ್ಲ ಕಣೇ. ರಿಪೇರಿ ಮಾಡ್ಸಿ ಅಂತ ನಿಮ್ಮತ್ತೆ ಇವತ್ತಿಗೂ ಬೈತಾಳೆ."

ವಕೀಲೆ ಉಫ್ ಎಂದು ಬತ್ತಿ ಆರಿಸಿ ಪೆನ್ನು ತೆಗೆದಳು. "ಸದ್ಯಕ್ಕೆ ರಿಪೇರಿ ಮಾಡಿಸ್ಬೇಡಿ ಮಾವ. ನಿಮ್ಮ ಅಡುಗೆಮನೆ ಗಾಳಿ ಅವರ ಪುಸ್ತಕಕ್ಕೆ ಹೇಗೆ ಹೋಯ್ತು ಅಂತ ಮೊದಲು ಕೇಳೋಣ."